ಮಾಡಿದವನ ಮೇಜಿನ ಮೇಲೆ ಓಡಿದರೆ ಸಾಕೇ?

ಸರ್ಕಾರಿ ಕೌಂಟರಿನಲ್ಲಿ ಯಾಕ್ರೀ ಹೀಗಾಯ್ತು ಅಂತ ಕೇಳಿ ನೋಡಿ. 'ಕಂಪ್ಯೂಟರ್ ತಗೋತಿಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಪಾಪ, ಗುಮಾಸ್ತನನ್ನು ಬೈದು ಫಲವಿಲ್ಲ. ಸಾಫ್ಟ್‌ವೇರ್ ಬರೆದು, ತನ್ನ ಮೇಜಿನ ಮೇಲಿನ ಒಂದೇ ಯಂತ್ರದಲ್ಲಿ ಓಡಿಸಿ 'ಎಲ್ಲಾ ಸರಿಯಿದೆ' ಎಂದವನನ್ನು ಬೈಯಬೇಕು. ಅದನ್ನು ನಂಬಿ ಬಿಲ್ಲು ಪಾಸು ಮಾಡಿದ ಸಾಹೇಬರನ್ನೂ ಬಿಡಬಾರದು.

ಪ್ರತಿ ಕಂಪ್ಯೂಟರಿಗೂ 'ಲೊಕೇಲ್' ಎಂಬ ಸೆಟ್ಟಿಂಗ್ ಒಂದಿರುತ್ತದೆ. ದೇಶಾಚಾರ ಅಂತ ಇಟ್ಟುಕೊಳ್ಳಿ. ತಾರೀಕು ಹೇಗೆ ಬರೆಯಬೇಕು, ಲಕ್ಷಕ್ಕೆ ಕಾಮಾ ಎಲ್ಲಿ ಬೀಳಬೇಕು, ಅಕ್ಷರಗಳ ಕ್ರಮ ಯಾವುದು ಎಂಬುದನ್ನೆಲ್ಲ ಎಷ್ಟೋ ಸಾಫ್ಟ್‌ವೇರುಗಳು ಅದನ್ನು ಕೇಳಿಯೇ ನಡೆಯುತ್ತವೆ. ಅಮೆರಿಕದ ಆಚಾರದಲ್ಲಿ ತಿಂಗಳು ಮೊದಲು. ನಮ್ಮಲ್ಲಿ ದಿನ ಮೊದಲು.

11-03-1966ರಂದು ಹುಟ್ಟಿದ ಒಬ್ಬ ತಾಯಿ ಇದ್ದಾಳೆ ಅನ್ನಿ. ಮಾರ್ಚ್ 11. ಅಮೆರಿಕದ ಸೆಟ್ಟಿಂಗಿನಲ್ಲೇ ಬಿಟ್ಟ ಯಂತ್ರ ಅದನ್ನು ನವೆಂಬರ್ 3 ಎಂದು ಓದುತ್ತದೆ. ವೃದ್ಧಾಪ್ಯ ವೇತನಕ್ಕೆ 60 ತುಂಬಬೇಕು. ಆಕೆಗೆ ಸುಮಾರು ಎಂಟು ತಿಂಗಳ ದುಡ್ಡು ಖೋತಾ! 25-03 ಆಗಿದ್ದರೆ, 25ನೇ ತಿಂಗಳು ಎಂಬುದೇ ಇಲ್ಲವಾದ್ದರಿಂದ ಎಡವಟ್ಟು ಬೇಗ ಕಣ್ಣಿಗೆ ಬಿದ್ದೀತು. ಹನ್ನೆರಡರೊಳಗಿನ ತಾರೀಕುಗಳೇ ಮೋಸ. ವರ್ಷಕ್ಕೆ ಅಂಥವು 144. ಅದರಲ್ಲಿ 1-1, 2-2ರಂಥ 12 ಕಳೆಯಿರಿ. ಉಳಿದ 132 ದಿನ ತಪ್ಪು ಸದ್ದಿಲ್ಲದೆ ಒಳಗೆ ಹೋಗುತ್ತದೆ. 1-1-2000 ಎಂದು ಟೈಪು ಮಾಡಿ 'ಪಾಸ್' ಅನ್ನುವವರಿಗೆ ಇದು ಯಾವ ಜನ್ಮಕ್ಕೂ ಸಿಗುವುದಿಲ್ಲ.

ಇನ್ನು ಕನ್ನಡದ ಗತಿ. ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ 'ಳ' ಬರುವುದು 'ಹ' ಆದ ಮೇಲೆ, ಕಟ್ಟಕಡೆಗೆ. ಯೂನಿಕೋಡಿನ ನಂಬರಿನಲ್ಲಿ ಅದು 'ಲ'ದ ಪಕ್ಕದಲ್ಲೇ ಕೂತಿದೆ. ಬರೀ ನಂಬರು ನೋಡಿ ಜೋಡಿಸುವ ಯಂತ್ರ ಬಳ್ಳಾರಿಯನ್ನು ಬಸವಕಲ್ಯಾಣಕ್ಕಿಂತ ಮುಂದೆ ಹಾಕುತ್ತದೆ. ಕನ್ನಡದ ಕ್ರಮ ಬಲ್ಲ ಯಂತ್ರ ಹಿಂದೆ ಹಾಕುತ್ತದೆ. ಎರಡು ಪಟ್ಟಿ ತಾಳೆ ನೋಡುವವನು 'ನಿಮ್ಮ ಹೆಸರೇ ಇಲ್ಲ ಹೋಗ್ರಿ' ಅಂದರೆ ಯಾರನ್ನು ಕೇಳೋಣ? ಲಿನಕ್ಸ್ ಯಂತ್ರಗಳಲ್ಲಂತೂ ಕನ್ನಡದ ಲೊಕೇಲನ್ನು ಹಾಕಿಯೇ ಇರದಿರುವುದೂ ಉಂಟು.

ಇದು ನಮ್ಮೊಬ್ಬರ ಗೋಳಲ್ಲ. ಜರ್ಮನಿಯಲ್ಲಿ 1.500 ಎಂದರೆ ಒಂದೂವರೆ ಸಾವಿರ, ನಮಗೆ ಬರೀ ಒಂದೂವರೆ. ಟರ್ಕಿಯವರಿಗೆ ಚುಕ್ಕೆಯಿರುವ 'ಐ' ಬೇರೆ, ಚುಕ್ಕೆಯಿಲ್ಲದ 'ಐ' ಬೇರೆ. ಇಂಗ್ಲಿಷ್ ಒಂದನ್ನೇ ನೆಚ್ಚಿ ಬರೆದ ಸಾಫ್ಟ್‌ವೇರ್ ಅಲ್ಲಿ ದೊಡ್ಡಕ್ಷರವನ್ನು ಚಿಕ್ಕದು ಮಾಡಲು ಹೋಗಿ ಮುಗ್ಗರಿಸುವುದು ಆ ಕಸುಬಿನವರಿಗೆಲ್ಲ ಗೊತ್ತಿರುವ ಕತೆ. ಗೊತ್ತಿದ್ದೂ ಪರೀಕ್ಷೆ ಮಾಡದವರಿಗೆ ಏನನ್ನಬೇಕು?

ಮದ್ದು ದುಬಾರಿಯೇನಲ್ಲ. ತಾರೀಕನ್ನು ಒಳಗಡೆ 1966-03-11 ಎಂದು ವರ್ಷ ಮೊದಲಿಟ್ಟೇ ಕಾಪಾಡಬೇಕು. ಭಾರತ, ಅಮೆರಿಕ, ಜರ್ಮನಿ, ಟರ್ಕಿ, ಕನ್ನಡ ಹೀಗೆ ಒಂದೊಂದೇ ಸೆಟ್ಟಿಂಗ್ ಬದಲಿಸಿ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಓಡಿಸಿ ನೋಡಬೇಕು. ಬಿಲ್ಲಿಗೆ ರುಜು ಹಾಕುವ ಮುನ್ನ ಸಾಹೇಬರು ತಾಲ್ಲೂಕು ಕಚೇರಿಯ ಹಳೇ ಯಂತ್ರವೊಂದರ ಮುಂದೆ ಆ ಕಂಪನಿಯವನನ್ನೇ ಕೂರಿಸಿ, 11-03 ಎಂದು ಟೈಪು ಮಾಡಿಸಲಿ.