ಬೆನ್ನ ಹಿಂದಿನ ಮುಖ

ಘಾಟಿ ಸುಬ್ರಹ್ಮಣ್ಯದ ಗರ್ಭಗುಡಿಯಲ್ಲಿ ಒಂದೇ ಶಿಲೆಗೆ ಎರಡು ಮುಖ: ಮೂಡಣಕ್ಕೆ ಸುಬ್ರಹ್ಮಣ್ಯ, ಪಡುವಣಕ್ಕೆ ನರಸಿಂಹ. ಹಿಂದಿನ ದೇವರನ್ನು ಭಕ್ತರು ಕನ್ನಡಿಯಲ್ಲಿ ಕಾಣಬೇಕು. ಒಡೆದ ನಾಡನ್ನು ಕೂಡಿಸುವವರಿಗೂ ಇಂತಹ ಕನ್ನಡಿಯೊಂದು ಬೇಕಾಗುತ್ತದೆ.

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದು ಉತ್ತರ ದಕ್ಷಿಣಗಳು ಒಂದಾದವು. 1877ರ ರಾಜಕೀಯ ರಾಜಿಯಿಂದ ಕೇಂದ್ರದ ಸೇನೆ ದಕ್ಷಿಣದಲ್ಲಿ ಹಿಂದೆಗೆಯಿತು. ದಾಸ್ಯದಿಂದ ಬಿಡುಗಡೆಗೊಂಡಿದ್ದ ಕರಿಯ ಜನರ ಹಕ್ಕುಗಳು ಒಂದೊಂದಾಗಿ ಅಪಹೃತವಾದವು. ರಾಜಿಯ ಬೆಲೆ ತೆತ್ತವರು ರಾಜಿಗೆ ಕುಳಿತವರಲ್ಲ.

ಕನ್ನಡನಾಡನ್ನು ಹರಿದು ಹಂಚಿದ್ದು ಅಂತರ್ಯುದ್ಧವಲ್ಲ, ಪರರ ಆಳ್ವಿಕೆ. ಆದರೂ ಅದನ್ನು ಕೂಡಿಸುವ ಹೊತ್ತಿಗೆ, ಹಿಂದುಳಿದ ಜಿಲ್ಲೆಗಳ ಹೊರೆಗೆ ಅಂಜಿ ಹಳೆಯ ಮೈಸೂರಿನ ಅನೇಕರು ವಿರೋಧಿಸಿದರು. ಏಕೀಕರಣದ ಪರವಾಗಿ ನಿಂತ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು 1956ರ ಆಗಸ್ಟಿನಲ್ಲಿ ಪದವಿ ತೊರೆಯಬೇಕಾಯಿತು. ನವೆಂಬರ್ 1ರಂದು ನಾಡು ಒಂದಾಯಿತು.

ಮನೆ ಒಂದಾದರೂ ಪಂಕ್ತಿಯಲ್ಲಿ ಬಡಿಸಿದ್ದು ಸಮವಾಗಲಿಲ್ಲ. 2002ರ ನಂಜುಂಡಪ್ಪ ಸಮಿತಿಯ ವರದಿಯಲ್ಲಿ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು. ಅವುಗಳಲ್ಲಿಯೂ ಅತ್ಯಂತ ಹಿಂದುಳಿದವು ಹೆಚ್ಚಾಗಿ ಗುಲ್ಬರ್ಗ ವಿಭಾಗದಲ್ಲಿದ್ದವು. ಆ ಭಾಗಕ್ಕೆ ವಿಶೇಷ ಸೌಲಭ್ಯ ನೀಡುವ 371 ಜೆ ವಿಧಿಯನ್ನು ಸಂಸತ್ತು ಒಪ್ಪಿದ್ದು 2012ರಲ್ಲಿ, ಏಕೀಕರಣವಾಗಿ 56 ವರ್ಷಗಳ ಮೇಲೆ.

ಎದುರಿನ ಮುಖಕ್ಕೆ ಆರತಿ ಎತ್ತಲು ಯಾರೂ ಮರೆಯುವುದಿಲ್ಲ. ಹಿಂದಿನ ಮುಖಕ್ಕೆ ಕನ್ನಡಿ ಹಿಡಿಯುವವರು ಬೇಕು.