ಲಾಳದ ಮೊಳೆ

ಕುವೆಂಪುನಗರದಿಂದ ಬನ್ನೂರಿನ ಮೇಲೆ ಸೋಮನಾಥಪುರಕ್ಕೆ ಹೆಚ್ಚೆಂದರೆ 40 ಕಿಲೋಮೀಟರ್. ಬೆಳಿಗ್ಗೆ ಬೈಕಿನಲ್ಲಿ ಹೊರಟು ಸಂಜೆಗೆ ಮನೆ ಸೇರಲು ಹೇಳಿ ಮಾಡಿಸಿದ ದಾರಿ. ನಾಲೆ, ಗದ್ದೆ, ಕಬ್ಬು. ಬನ್ನೂರು ಕುರಿಗಳ ಹಿಂಡು ಅಡ್ಡ ಬಂದರೆ ಹಾರನ್ ಒತ್ತಿ ಪ್ರಯೋಜನವಿಲ್ಲ, ಸುಮ್ಮನೆ ನಿಲ್ಲಬೇಕು. ಕಳೆದ ಭಾನುವಾರ ಹನ್ನೊಂದು ವರ್ಷದ ಮಗಳಿಗೆ ಹೆಲ್ಮೆಟ್ ಹಾಕಿಸಿ ಹಿಂದೆ ಕೂರಿಸಿಕೊಂಡು ಹೊರಟೆ. ಗಾಡಿ ನಮ್ಮಪ್ಪನ ಯೆಜ್ಡಿ.

ಈ ಗಾಡಿ ಹುಟ್ಟಿದ್ದು ಮೈಸೂರಿನಲ್ಲೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳು ತಯಾರಾಗುತ್ತಿದ್ದವು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. ಇದರಲ್ಲಿ ಕಿಕ್ಕರ್, ಗೇರು ಎರಡೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿ ಒದ್ದರೆ ಕಿಕ್ಕರ್, ಮತ್ತೆ ಕೆಳಗೆ ಬಂದು ಕೂತರೆ ಗೇರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ಲೇತ್ ನಡೆಸುತ್ತಿದ್ದ ಅಪ್ಪ ಆಮೇಲೆ ಮನೆಯಲ್ಲಿ ಅದರ ಸುದ್ದಿಯನ್ನೇ ಎತ್ತಲಿಲ್ಲ. ಮಂಡಿನೋವು ಬಂದ ಮೇಲಂತೂ “ಮಾರಿಬಿಡು, ಜಾಗ ಯಾಕೆ ದಂಡ” ಅನ್ನುತ್ತಿದ್ದರು. ಕೊಳ್ಳುವವರೂ ಒಬ್ಬರು ಬಂದು ನೋಡಿ ಹೋಗಿದ್ದರು.

ಬನ್ನೂರು ಇನ್ನೂ ಸ್ವಲ್ಪ ದೂರ ಇರುವಾಗ ಹಿಂದಿನ ಚಕ್ರ ಕುಂಟತೊಡಗಿತು. ತಳ್ಳಿಕೊಂಡು ಮರದಡಿಯ ಪಂಕ್ಚರ್ ಅಂಗಡಿ ಸೇರಿದೆವು. ಟೈರಿನಲ್ಲಿ ಎತ್ತಿನ ಲಾಳದ ಮೊಳೆ. ಎತ್ತಿನ ಗೊರಸು ಸೀಳಿರುತ್ತದಲ್ಲ, ಅದಕ್ಕೇ ಒಂದೊಂದು ಕಾಲಿಗೆ ಎರಡು ಲಾಳ. ಗಾಡಿ ಎತ್ತುಗಳು ಓಡಾಡುವ ದಾರಿಯಲ್ಲಿ ಮೊಳೆಗೇನು ಬರ.

ಅಂಗಡಿ ಹುಡುಗ ತಲೆ ಕೆರೆದುಕೊಂಡ. “ಈ ಗಾಡಿ ಯಾವತ್ತೂ ಬಿಚ್ಚಿಲ್ಲ ಸಾರ್.” ಚೈನು ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ, ಎಲ್ಲಿಂದ ಶುರು ಮಾಡುವುದು? ನನಗೂ ಗೊತ್ತಿರಲಿಲ್ಲ. ಮಗಳು ಆಗಲೇ ತಾತನಿಗೆ ಫೋನ್ ಹಚ್ಚಿದ್ದಳು.

“ಸ್ಪೀಕರ್ ಹಾಕು ಪುಟ್ಟಿ. ನೋಡು ಮಗ, ಚೈನ್ ಕಡೆ ಕೈ ಹಾಕಬೇಡ. ಆಕ್ಸಲ್ ಎಳಿ. ಚಕ್ರ ಮಾತ್ರ ಬರುತ್ತೆ. ಚೈನು, ಅದರ ಹಲ್ಲಿನ ಚಕ್ರ ಎರಡೂ ಅಲ್ಲೇ ನಿಲ್ಲುತ್ತೆ.”

ಹಾಗೇ ಆಯಿತು. “ಬಂತು ತಾತ!” ಎಂದು ಹುಡುಗ ಕೂಗಿದ. ಅಪ್ಪ ಫೋನ್ ಇಡಲಿಲ್ಲ. ಚಕ್ರ ಹೀಗೆ ಬಿಚ್ಚಿಕೊಳ್ಳುವಂತೆ ಯಾಕೆ ಮಾಡಿದ್ದಾರೆ, ಒಳಗಿನ ರಬ್ಬರ್ ತುಂಡುಗಳು ಎಳೆತದ ಜರ್ಕನ್ನು ಹೇಗೆ ನುಂಗುತ್ತವೆ — ನಾನು ಇಷ್ಟು ವರ್ಷ ಕೇಳದ ಮಾತುಗಳು ರಸ್ತೆ ಬದಿಯಲ್ಲಿ ಕೇಳಿಸಿದವು.

ಟ್ಯೂಬಿಗೆ ಗಾಳಿ ತುಂಬಿ ನೀರಿನ ಬಾಂಡ್ಲಿಯಲ್ಲಿ ಅದ್ದಿದಾಗ ಗುಳ್ಳೆ ಬಂದ ಕಡೆ ಗುರುತು ಮಾಡಿದ್ದು ಮಗಳೇ. ಹುಡುಗ ಅಲ್ಲಿ ಉಪ್ಪು ಕಾಗದ ತಿಕ್ಕಿ ಸಲ್ಯೂಷನ್ ಹಚ್ಚಿ ಕಾದ. ಅವಳು ಪ್ಯಾಚ್ ಅಂಟಿಸಲು ಹೋದರೆ ತಡೆದ. “ಇನ್ನೂ ಹಸಿ ಇದೆ. ಒಣಗಿ ಬೆರಳಿಗೆ ಜಿಗಿ ಜಿಗಿ ಅನ್ನಬೇಕು, ಆವಾಗಲೇ ಹಿಡಿಯೋದು.” ಟೈರ್ ಕೂರಿಸುವ ಮುಂಚೆ ಒಳಗೆಲ್ಲ ಬೆರಳಾಡಿಸಿ ನೋಡಿದ. ಇನ್ನೊಂದು ಮೊಳೆ ಉಳಿದಿದ್ದರೆ ಮತ್ತದೇ ಪಾಡು. ದುಡ್ಡು ತೆಗೆದುಕೊಂಡು, ಜೊತೆಗೆ ಅಪ್ಪನ ನಂಬರನ್ನೂ ಬರೆದುಕೊಂಡ.

ಸೋಮನಾಥಪುರ ಸೇರುವಾಗ ಹೊತ್ತು ನೆತ್ತಿಯ ಮೇಲಿತ್ತು. 13ನೇ ಶತಮಾನದ ಹೊಯ್ಸಳರ ಗುಡಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿ ಸೇರಿದ್ದು. ಒಳಗಿನ ಕಂಬಗಳು ಲೇತಿನಲ್ಲಿ ಕಡೆದ ಹಾಗೆ ದುಂಡಗೆ, ನುಣ್ಣಗೆ. ಮಗಳು ಫೋಟೊ ತೆಗೆದು ತಾತನಿಗೆ ಕಳಿಸಿದಳು. ತಕ್ಷಣ ಫೋನ್ ಬಂತು.

“ಸುತ್ತಳತೆ ಎಷ್ಟಿದೆ, ನೋಡಿದ್ಯಾ?”

ಕೊಳ್ಳಲು ಬಂದಿದ್ದವರಿಗೆ ನಮ್ಮ ಮನೆಯಿಂದ ಇನ್ನೂ ಯಾರೂ ಫೋನ್ ಮಾಡಿಲ್ಲ.