ಬೆಟ್ಟದ ಬಿಸಿಲಿನ ಲೆಕ್ಕ

ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಜೂನಿನಲ್ಲಿ ಮಳೆ ಹಿಡಿದುಕೊಂಡಿತೆಂದರೆ ಸೆಪ್ಟೆಂಬರಿನವರೆಗೆ ಸೂರ್ಯದರ್ಶನವೇ ದುರ್ಲಭ. ಡಿಸೆಂಬರಿನಿಂದ ಮಾರ್ಚಿನವರೆಗಾದರೋ, ಕಾಫಿಯ ಹಣ್ಣನ್ನು ಕೊಯ್ದು ಕಣದಲ್ಲಿ ಹರಡುವ ಕಾಲದಲ್ಲಿ, ಆಕಾಶವು ನಿರ್ಮಲವಾಗಿದ್ದು ಬಿಸಿಲು ಧಾರಾಳವಾಗಿರುತ್ತದೆ. ಈ ಋತುಕ್ರಮವನ್ನು ಅರಿಯದ ಮಲೆನಾಡಿಗನಿಲ್ಲ. ಆದರೆ ಮನೆಯ ಮಾಡಿನ ಮೇಲೆ ಸೌರಫಲಕಗಳನ್ನು ಹಾಕಿಸಿದ ಗೃಹಸ್ಥರ ವಿದ್ಯುತ್ ಲೆಕ್ಕವನ್ನು ಬರೆಯುವ ಪದ್ಧತಿಯು ಇದನ್ನು ಗಮನಕ್ಕೆ ತಂದುಕೊಂಡಂತೆ ಕಾಣುವುದಿಲ್ಲ. ಈ ವಿಷಯದಲ್ಲಿ ಎರಡು ಮಾತುಗಳನ್ನು ಅಧಿಕಾರಿವರ್ಗದವರ ಮತ್ತು ಮಹಾಜನರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ವ್ಯವಸ್ಥೆಯು ಹೀಗಿದೆ. ಫಲಕಗಳು ಹಗಲಿನಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಮನೆಯವರು ಬಳಸಿ, ಉಳಿದುದನ್ನು ತಂತಿಯ ಮೂಲಕ ಹೊರಗೆ ಕಳುಹಿಸುತ್ತಾರೆ. ರಾತ್ರಿಯಲ್ಲಿ ಅದೇ ತಂತಿಯಿಂದ ಬೇಕಾದಷ್ಟನ್ನು ಪಡೆಯುತ್ತಾರೆ. ಹೋದದ್ದನ್ನೂ ಬಂದದ್ದನ್ನೂ ಒಂದೇ ಮೀಟರು ಗುರುತಿಸುತ್ತದೆ. ಬಂದದ್ದು ಹೆಚ್ಚಾದರೆ ಗೃಹಸ್ಥನು ವ್ಯತ್ಯಾಸಕ್ಕೆ ಸಾಮಾನ್ಯ ದರವನ್ನು ತೆರುತ್ತಾನೆ. ಹೋದದ್ದು ಹೆಚ್ಚಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗೊತ್ತುಮಾಡಿದ ದರದಲ್ಲಿ ಸರಬರಾಜು ನಿಗಮವು ಅವನಿಗೆ ಹಣ ಕೊಡುತ್ತದೆ. ಈ ತೀರ್ಮಾನವು ತಿಂಗಳು ತಿಂಗಳ ಬಿಲ್ಲಿನಲ್ಲಿಯೇ ನಡೆಯುತ್ತದೆ. ನಮ್ಮ ಜಿಲ್ಲೆಗೆ ಸಂಬಂಧಿಸಿದ ನಿಗಮವು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ.

2013ರಲ್ಲಿ ಆಯೋಗವು ಇಂತಹ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆಯನ್ನು ಗೊತ್ತುಮಾಡಿತು. ಸರಕಾರದ ಸಹಾಯಧನ ಪಡೆದವರಿಗೆ 7 ರೂಪಾಯಿ 20 ಪೈಸೆ. 2016ರಲ್ಲಿ ಸಣ್ಣ ಮನೆಗಳ ದರವು 7 ರೂಪಾಯಿ 8 ಪೈಸೆಗೆ ಇಳಿಯಿತು. 2019ರ ಹೊತ್ತಿಗೆ 4 ರೂಪಾಯಿಯ ಒಳಗೆ ಬಂದಿತು. ಫಲಕಗಳ ಬೆಲೆ ಕುಸಿದಿರುವಾಗ ಹಳೆಯ ದರವನ್ನೇ ಕೊಡಬೇಕೆಂದು ನಾವು ಹೇಳುವುದಿಲ್ಲ. ಆ ಹಣವನ್ನು ತೆರಬೇಕಾದವರು ಕಡೆಗೆ ಇತರ ಬಳಕೆದಾರರೇ. ಅವರಲ್ಲಿ ಮಾಡಿನ ಮೇಲೆ ಫಲಕವಿಡಲು ಶಕ್ತಿಯಿಲ್ಲದ ಬಡವರೂ ಇದ್ದಾರೆ. ಅಲ್ಲದೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಂತೆ ಮೂರು ಕಿಲೋವಾಟಿನ ಫಲಕಗಳಿಗೆ 78,000 ರೂಪಾಯಿಗಳ ನೆರವು ದೊರೆಯುತ್ತದೆ.

ಆದರೆ ಮಾರುವ ದರವು ಕೊಳ್ಳುವ ದರಕ್ಕಿಂತ ಕೆಳಗಿಳಿದ ಮೇಲೆ ತಿಂಗಳ ಲೆಕ್ಕದ ಸ್ವರೂಪವೇ ಬದಲಾಯಿತೆಂಬುದನ್ನು ಗಮನಿಸಬೇಕು. ಗೃಹಜ್ಯೋತಿಯ ಉಚಿತ ವಿದ್ಯುತ್ತಿನ ಮಿತಿಯನ್ನು ಮೀರಿದ ಒಂದು ಮನೆಯನ್ನು ತೆಗೆದುಕೊಳ್ಳೋಣ. ಜನವರಿಯಲ್ಲಿ ಆ ಮನೆಯಿಂದ ನೂರು ಯೂನಿಟ್ಟು ಹೆಚ್ಚಾಗಿ ಹೊರಗೆ ಹೋಯಿತು. ಜುಲೈಯಲ್ಲಿ ನೂರು ಯೂನಿಟ್ಟು ಹೆಚ್ಚಾಗಿ ಒಳಗೆ ಬಂದಿತು. ಎರಡನ್ನೂ ಸೇರಿಸಿ ನೋಡಿದರೆ ಕೊಟ್ಟದ್ದೂ ಪಡೆದದ್ದೂ ಸಮ. ಮಾರಾಟಕ್ಕೆ ಮೂರು ರೂಪಾಯಿ, ಖರೀದಿಗೆ ಆರು ರೂಪಾಯಿ ಎಂದು ಸ್ಥೂಲವಾಗಿ ಹಿಡಿದರೆ, ಆತನಿಗೆ ಬರುವುದು 300, ಆತನು ಕೊಡುವುದು 600. ಬಯಲುಸೀಮೆಯಲ್ಲಿ ವರ್ಷದ ಬಹುಭಾಗ ಬಿಸಿಲಿರುವುದರಿಂದ ಈ ಅಂತರವು ಅಲ್ಪ. ಮಳೆಯ ನಾಡಿನವನಿಗೆ ಮಾತ್ರ ಇದು ಪ್ರತಿವರ್ಷವೂ ತಪ್ಪದ ದಂಡ.

ತಂತಿ, ಕಂಬ, ಸಿಬ್ಬಂದಿಗಳ ವೆಚ್ಚವನ್ನು ಯಾರು ಹೊರಬೇಕೆಂದು ನಿಗಮದವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಅದಕ್ಕಾಗಿಯೇ ನಿಗದಿತ ಶುಲ್ಕವನ್ನು ಪ್ರತಿ ತಿಂಗಳೂ ವಸೂಲು ಮಾಡಲಾಗುತ್ತಿದೆ. ಪಾವಗಡದ ಸೌರಸ್ಥಾವರದಿಂದ ಹಗಲಿನ ವಿದ್ಯುತ್ತು ಬೇಕಾದಷ್ಟು ಬರುತ್ತಿರುವಾಗ ಮನೆಯ ಮಾಡಿನದು ಏತಕ್ಕೆ ಎಂದೂ ಕೇಳಬಹುದು. ಪಾವಗಡದ್ದು ದೂರದಿಂದ ಬರಬೇಕು, ದಾರಿಯಲ್ಲಿ ಸೋರಿಕೆಯುಂಟು. ಬೆಟ್ಟದ ಮನೆಯದು ನೆರೆಮನೆಯಲ್ಲಿಯೇ ವಿನಿಯೋಗವಾಗುತ್ತದೆ. ಇನ್ನು ಜುಲೈಯಲ್ಲಿ ಆತನು ಮರಳಿ ಕೇಳುವ ವಿದ್ಯುತ್ತೋ, ನಾಡಿನ ನದಿಗಳು ತುಂಬಿ ಜಲವಿದ್ಯುತ್ತು ಸುಲಭವಾಗಿ ಸಿಗುವ ಕಾಲದ್ದು.

ನೆರೆಯ ಮಹಾರಾಷ್ಟ್ರದಲ್ಲಿ ಒಂದು ತಿಂಗಳ ಹೆಚ್ಚುವರಿ ಯೂನಿಟ್ಟುಗಳನ್ನು ಮುಂದಿನ ತಿಂಗಳಿಗೆ ಒಯ್ದು, ಆರ್ಥಿಕ ವರ್ಷದ ಕೊನೆಯಲ್ಲಿ ಉಳಿದುದಕ್ಕೆ ಮಾತ್ರ ಹಣ ಕೊಡುವ ಕ್ರಮವಿದೆ. ತತ್ತ್ವವು ಗ್ರಾಹ್ಯ, ಆದರೆ ವರ್ಷವನ್ನು ಮಾರ್ಚಿನಲ್ಲಿ ಮುಗಿಸಿದರೆ ನಮ್ಮ ಬೆಟ್ಟದವರಿಗೆ ಪ್ರಯೋಜನವಿಲ್ಲ. ಬಿಸಿಲಿನ ಗಳಿಕೆಯು ಮಳೆಗಾಲಕ್ಕೆ ದಕ್ಕುವ ಮೊದಲೇ ಖಾತೆ ಮುಚ್ಚಿಹೋಗುತ್ತದೆ. ಆದ್ದರಿಂದ ಮಲೆನಾಡಿನ ತಾಲ್ಲೂಕುಗಳಲ್ಲಿ ಅಕ್ಟೋಬರಿನಿಂದ ಸೆಪ್ಟೆಂಬರಿನವರೆಗೆ ಲೆಕ್ಕದ ವರ್ಷವನ್ನು ಗೊತ್ತುಮಾಡಿ, ಹೋದದ್ದು, ಬಂದದ್ದು, ಶಿಲ್ಕು ಇವನ್ನು ಪ್ರತಿ ಬಿಲ್ಲಿನಲ್ಲಿಯೂ ತಿಳಿಗನ್ನಡದಲ್ಲಿ ಮುದ್ರಿಸಬೇಕೆಂಬುದು ನಮ್ಮ ಸೂಚನೆ.

1935ರಲ್ಲಿ ಗಾಂಧೀಜಿಯವರ ಒತ್ತಾಯದಿಂದ ಅಖಿಲ ಭಾರತ ಚರಕಾ ಸಂಘವು ನೂಲುವವರಿಗೆ ಜೀವನಕ್ಕೆ ತಕ್ಕ ಕೂಲಿ ಸಲ್ಲಬೇಕೆಂದು ನಿರ್ಣಯಿಸಿತು. ಮನೆಯಲ್ಲಿ ಹುಟ್ಟಿದ ಸರಕು ಅಗ್ಗದ ಸರಕಾಗಬಾರದೆಂಬುದು ಅದರ ತಿರುಳು. ಮಾಡಿನ ಮೇಲೆ ಹುಟ್ಟುವ ವಿದ್ಯುತ್ತಿಗೂ ಅದೇ ನ್ಯಾಯ ಸಲ್ಲಬೇಕು. ದರವನ್ನು ಪರಿಷ್ಕರಿಸುವ ಮುನ್ನ ಆಯೋಗವು ಸಾರ್ವಜನಿಕರ ಅಹವಾಲನ್ನು ಆಲಿಸುತ್ತದೆ. ಆಗ ಸಕಲೇಶಪುರ, ಆಲೂರುಗಳ ಮಹಾಜನರು ತಮ್ಮ ಹನ್ನೆರಡು ತಿಂಗಳ ಬಿಲ್ಲುಗಳನ್ನು ಹಿಡಿದು ಹಾಜರಾಗಲಿ. ಮಾತಿಗಿಂತ ಆ ಕಾಗದಗಳೇ ಬಲವಾದ ಸಾಕ್ಷಿ.